ಅಕಾಲದ ರಕ್ತಸ್ರಾವ: ಕಾರಣ ತಿಳಿಯಿರಿ, ಕಾಲಹರಣ ಬೇಡ



ಕೊಟ್ಟಿಗೆಯ ಹಸು ಸುಮಾರು ೨೧ ದಿನಕ್ಕೊಮ್ಮೆ ಬೆದೆಗೆ ಬರುತ್ತದೆಂಬುದನ್ನು ನೀವು ಬಲ್ಲಿರಿ. ದಿನ ತಪ್ಪಿದರೆ ಪಶುವೈದ್ಯರನ್ನು ವಿಚಾರಿಸುತ್ತೀರಿ. ಆದರೆ ಮನೆಯ ಹೆಂಗಸಿಗೆ ದಿನವಲ್ಲದ ದಿನ ರಕ್ತ ಹೋದರೆ, ನಾಚಿಕೆಯ ಮಾತೆಂದು ಆಕೆ ಬಾಯಿ ಬಿಡುವುದಿಲ್ಲ. ಹೆಂಗಸರ ವಿಷಯವೆಂದು ಗಂಡಸು ಕೇಳುವುದಿಲ್ಲ. "ಉಷ್ಣವಾಗಿದೆ, ಮಜ್ಜಿಗೆ ಕುಡಿ" ಎನ್ನುವುದರಲ್ಲೇ ತಿಂಗಳುಗಳು ಕಳೆಯುತ್ತವೆ. ಇದರಿಂದ ಉಳಿಯಬಹುದಾದ ಜೀವಗಳು ಹೋಗುತ್ತವೆ. ಆದುದರಿಂದ ಈ ವಿಷಯವನ್ನು ಮುಚ್ಚುಮರೆಯಿಲ್ಲದೆ ಇಲ್ಲಿ ತಿಳಿಸಿದೆ. ನೀವು ಓದಿ, ಮನೆಯ ಹೆಂಗಸರಿಗೂ ಓದಿ ಹೇಳಿರಿ.

ಸರಿಯಾದ ಮುಟ್ಟು ಯಾವುದು?

ಒಂದು ಮುಟ್ಟಿನ ಮೊದಲ ದಿನದಿಂದ ಮುಂದಿನ ಮುಟ್ಟಿನ ಮೊದಲ ದಿನಕ್ಕೆ ಸಾಮಾನ್ಯವಾಗಿ ೨೧ ರಿಂದ ೩೫ ದಿನಗಳ ಅಂತರವಿರುತ್ತದೆ. ಸ್ರಾವವು ಎರಡರಿಂದ ಏಳು ದಿನ ಇರುತ್ತದೆ. ಒಂದು ಮುಟ್ಟಿನಲ್ಲಿ ಹೋಗುವ ರಕ್ತ ಒಟ್ಟಾರೆ ಎರಡು ಮೂರು ದೊಡ್ಡ ಚಮಚದಷ್ಟು ಮಾತ್ರ. ಒಂದೆರಡು ದಿನ ಹಿಂದು ಮುಂದಾದರೆ ಚಿಂತೆಯಿಲ್ಲ. ಎರಡು ಮುಟ್ಟುಗಳ ನಡುವೆ ರಕ್ತ ಕಾಣುವುದು, ಎಂಟು ಹತ್ತು ದಿನವಾದರೂ ನಿಲ್ಲದಿರುವುದು, ದೊಡ್ಡ ಗೆಡ್ಡೆಗಳಾಗಿ ಬೀಳುವುದು, ಗಂಡನೊಡನೆ ಕೂಡಿದ ಮೇಲೆ ಕಾಣುವುದು, ಮುಟ್ಟು ನಿಂತುಹೋದ ಮೇಲೆ ಮತ್ತೆ ಕಾಣುವುದು: ಇವು ಸರಿಯಲ್ಲ. ಇವು ರೋಗದ ಹೆಸರುಗಳಲ್ಲ, ಒಳಗೆ ಏನೋ ಕಾರಣವಿದೆಯೆಂಬ ಸೂಚನೆಗಳು.

ವಯಸ್ಸಿಗೆ ತಕ್ಕಂತೆ ಕಾರಣ

ಹೊಸದಾಗಿ ಮೈನೆರೆದ ಹುಡುಗಿಯರಲ್ಲಿ ಮೊದಲ ಎರಡು ಮೂರು ವರ್ಷ ಮುಟ್ಟು ಏರುಪೇರಾಗುವುದುಂಟು. ಅಂಡಾಶಯವು ತಿಂಗಳು ತಿಂಗಳೂ ಅಂಡವನ್ನು ಬಿಡುವ ಕ್ರಮಕ್ಕೆ ಇನ್ನೂ ಬಂದಿರುವುದಿಲ್ಲ. ಇದು ಸಾಮಾನ್ಯವಾಗಿ ತಾನೇ ಸರಿಹೋಗುತ್ತದೆ. ಆದರೆ ಹುಡುಗಿ ಬಿಳಿಚಿಕೊಂಡು ಸುಸ್ತಾಗುತ್ತಿದ್ದರೆ ವೈದ್ಯರಿಗೆ ತೋರಿಸಬೇಕು. ಕೆಲವರಿಗೆ ರಕ್ತ ಹೆಪ್ಪುಗಟ್ಟದ ದೋಷ ಹುಟ್ಟಿನಿಂದಲೇ ಇರುತ್ತದೆ.

ಮಕ್ಕಳಾಗುವ ವಯಸ್ಸಿನ ಹೆಂಗಸಿನಲ್ಲಿ ಮೊದಲು ಕೇಳಬೇಕಾದ ಪ್ರಶ್ನೆ, ಗರ್ಭ ನಿಂತಿದೆಯೇ ಎಂಬುದು. ಗರ್ಭ ಇಳಿಯುವಾಗ ರಕ್ತ ಕಾಣುತ್ತದೆ. ಇನ್ನೊಂದು ಅಪಾಯವುಂಟು. ಗರ್ಭವು ಗರ್ಭಕೋಶದಲ್ಲಿ ನಿಲ್ಲದೆ ಪಕ್ಕದ ನಾಳದಲ್ಲಿ ನಿಲ್ಲಬಹುದು. ನಾಳ ಒಡೆದರೆ ರಕ್ತ ಹೊಟ್ಟೆಯೊಳಗೇ ಸುರಿಯುತ್ತದೆ. ಹೊರಗೆ ಕಾಣುವುದು ಕೆಲವು ಹನಿ ಮಾತ್ರ. ಮುಟ್ಟು ತಪ್ಪಿದ ಹೆಂಗಸಿಗೆ ಕಿಬ್ಬೊಟ್ಟೆಯ ಒಂದು ಪಕ್ಕದಲ್ಲಿ ಬಲವಾದ ನೋವು, ತಲೆಸುತ್ತು ಬಂದರೆ ಬೆಳಗಾಗಲಿ ಎಂದು ಕಾಯಬಾರದು.

ಗರ್ಭವಿಲ್ಲದಿದ್ದರೆ ಬೇರೆ ಕಾರಣಗಳಿವೆ. ಗರ್ಭಕೋಶದಲ್ಲಿ ನಾರುಗೆಡ್ಡೆ ಬೆಳೆದಿರಬಹುದು; ಇದು ಬಹುಮಟ್ಟಿಗೆ ಕ್ಯಾನ್ಸರ್ ಅಲ್ಲ. ಒಳಪದರದಲ್ಲಿ ಸಣ್ಣ ದುರ್ಮಾಂಸ ಬೆಳೆದಿರಬಹುದು. ಸೋಂಕು ತಗಲಿದ್ದರೆ ಕೆಟ್ಟ ವಾಸನೆಯ ಬಿಳಿಸೆರಗು, ಜ್ವರ, ಕಿಬ್ಬೊಟ್ಟೆ ನೋವು ಜೊತೆಗಿರುತ್ತವೆ. ಥೈರಾಯ್ಡ್ ಗ್ರಂಥಿಯ ಏರುಪೇರಿನಿಂದಲೂ, ಅಂಡಾಶಯದ ತೊಂದರೆಯಿಂದಲೂ ಮುಟ್ಟು ಕೆಡುತ್ತದೆ.

ಕೂಡಿದ ಮೇಲೆ ರಕ್ತ ಕಾಣುವುದು ಗರ್ಭಕೋಶದ ಬಾಯಿಯ ಹುಣ್ಣಿನಿಂದಾಗಬಹುದು. ಅಲ್ಲಿಯ ಕ್ಯಾನ್ಸರಿನಿಂದಲೂ ಆಗಬಹುದು. ಈ ಕ್ಯಾನ್ಸರನ್ನು ರಕ್ತ ಕಾಣುವುದಕ್ಕೆ ಮುಂಚೆಯೇ ಕಂಡುಹಿಡಿಯುವ ಸುಲಭ ಪರೀಕ್ಷೆಯಿದೆ. ಅಲ್ಲಿಗೆ ತಿಳಿಯಾದ ಆಮ್ಲವನ್ನು ಹಚ್ಚಿ ಬಿಳಿಯ ಮಚ್ಚೆ ಏಳುವುದೇ ಎಂದು ನೋಡುತ್ತಾರೆ. ಮೂವತ್ತು ವರ್ಷ ದಾಟಿದ ಹೆಂಗಸರಿಗೆ ಈ ಪರೀಕ್ಷೆ ಸರ್ಕಾರದ ಕಾರ್ಯಕ್ರಮದಲ್ಲಿ ಸೇರಿದೆ.

ನಲವತ್ತೈದರ ಸುಮಾರಿಗೆ ಮುಟ್ಟು ನಿಲ್ಲುವ ಕಾಲದಲ್ಲಿ ಏರುಪೇರು ಸಹಜ. ಆದರೆ "ನಿಲ್ಲುವ ಕಾಲ" ಎಂದು ಎಲ್ಲವನ್ನೂ ತಳ್ಳಿಹಾಕಬಾರದು. ಹನ್ನೆರಡು ತಿಂಗಳು ಪೂರ್ತಿ ಮುಟ್ಟಿಲ್ಲದೆ, ಆಮೇಲೆ ಒಂದು ಹನಿ ರಕ್ತ ಕಂಡರೂ ಆಸ್ಪತ್ರೆಗೆ ಹೋಗಬೇಕು. ಹೀಗೆ ಬರುವ ಹತ್ತು ಜನರಲ್ಲಿ ಸುಮಾರು ಒಂಬತ್ತು ಮಂದಿಗೆ ಕ್ಯಾನ್ಸರ್ ಇರುವುದಿಲ್ಲ. ಇರುವ ಒಬ್ಬಳಿಗೆ ಬೇಗ ತಿಳಿದರೆ ಗುಣವಾಗುವ ಆಸೆ ಬಹಳ. "ಮತ್ತೆ ಮುಟ್ಟಾದೆ" ಎಂದು ಅಜ್ಜಿ ನಕ್ಕು ಹೇಳಿದರೆ ನೀವು ನಗಬೇಡಿರಿ.

ಔಷಧಗಳಿಂದಲೂ ಆಗುವುದುಂಟು

ಮಕ್ಕಳ ನಡುವೆ ಅಂತರವಿಡಲು ಕಾಪರ್-ಟಿ ಹಾಕಿಸಿದವರಿಗೆ, ಚುಚ್ಚುಮದ್ದು ಪಡೆದವರಿಗೆ ಮೊದಲ ಕೆಲವು ತಿಂಗಳು ಸ್ರಾವ ಏರುಪೇರಾಗಬಹುದು. ಗುಳಿಗೆಯನ್ನು ಒಂದು ದಿನ ನುಂಗಿ ಒಂದು ದಿನ ಮರೆತರೂ ರಕ್ತ ಕಾಣುತ್ತದೆ. ಜಾತ್ರೆ, ಮದುವೆ, ವ್ರತವೆಂದು ಅಂಗಡಿಯಿಂದ ತಂದು ನುಂಗುವ ಮುಟ್ಟು ಮುಂದೂಡುವ ಮಾತ್ರೆಗಳೂ ಕ್ರಮ ಕೆಡಿಸುತ್ತವೆ. ವೈದ್ಯರನ್ನು ಕಾಣದೆ ಗರ್ಭ ತೆಗೆಯುವ ಮಾತ್ರೆ ನುಂಗುವುದಂತೂ ಪ್ರಾಣಕ್ಕೆ ಅಪಾಯ. ಒಳಗೆ ಚೂರು ಉಳಿದು ವಾರಗಟ್ಟಲೆ ರಕ್ತ ಹೋಗಬಹುದು.

ಗರ್ಭಕೋಶ ತೆಗೆಸುವ ಮುನ್ನ

ರಕ್ತ ಹೋಗುತ್ತಿದೆ ಎಂದೊಡನೆ "ಗರ್ಭಕೋಶ ತೆಗೆದುಬಿಡೋಣ, ಕ್ಯಾನ್ಸರ್ ಆದೀತು" ಎಂದು ಹೆದರಿಸುವವರುಂಟು. ಸಾಲ ಮಾಡಿ, ಒಡವೆ ಅಡವಿಟ್ಟು ಮೂವತ್ತರ ಹರೆಯದಲ್ಲೇ ತೆಗೆಸಿಕೊಂಡ ಹೆಂಗಸರು ನಮ್ಮ ಹಳ್ಳಿಗಳಲ್ಲಿದ್ದಾರೆ. ಅಂಡಾಶಯವೂ ಹೋದರೆ ಮೂಳೆ ಬೇಗ ಸವೆಯುತ್ತದೆ. ಅನವಶ್ಯಕವಾಗಿ ಗರ್ಭಕೋಶ ತೆಗೆಯುವುದನ್ನು ತಡೆಯಲು ಕೇಂದ್ರ ಸರ್ಕಾರ ೨೦೨೨ರಲ್ಲಿ ನಿಯಮಗಳನ್ನು ಕೊಟ್ಟಿತು. ೨೦೨೩ರಲ್ಲಿ ಸುಪ್ರೀಂ ಕೋರ್ಟು ಅವನ್ನು ಜಾರಿಗೆ ತರಬೇಕೆಂದು ರಾಜ್ಯಗಳಿಗೆ ಆದೇಶಿಸಿತು. ಕ್ಯಾನ್ಸರ್ ಮೊದಲಾದ ಕಾರಣಗಳಿದ್ದಾಗ ಈ ಶಸ್ತ್ರಚಿಕಿತ್ಸೆ ಜೀವ ಉಳಿಸುತ್ತದೆ; ಆಗ ಹಿಂಜರಿಯಬಾರದು. ಆದರೆ ಅನೇಕರಿಗೆ ಗುಳಿಗೆಯಿಂದಲೇ ಗುಣವಾಗುತ್ತದೆ. "ಕಾರಣವೇನು? ಬೇರೆ ಉಪಾಯವಿಲ್ಲವೇ?" ಎಂದು ಕೇಳಿರಿ. ಇನ್ನೊಬ್ಬ ವೈದ್ಯರಿಗೂ ತೋರಿಸಿರಿ.

ನೀವು ಮಾಡಬೇಕಾದುದು

೧. ಗೋಡೆಯ ಕ್ಯಾಲೆಂಡರಿನಲ್ಲಿ ಮುಟ್ಟಿನ ದಿನಗಳಿಗೆ ಚುಕ್ಕೆಯಿಡಲು ಹೆಂಗಸರಿಗೆ ತಿಳಿಸಿರಿ. ವೈದ್ಯರು ಮೊದಲು ಕೇಳುವುದು ಇದನ್ನೇ.

೨. ಏರುಪೇರು ಕಂಡರೆ ಆಶಾ ಕಾರ್ಯಕರ್ತೆಗೆ ಹೇಳಿ, ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿರಿ. ನುಂಗುತ್ತಿರುವ ಮಾತ್ರೆಗಳನ್ನೆಲ್ಲ ಜೊತೆಗೆ ಒಯ್ಯಿರಿ. ಗರ್ಭದ ಪರೀಕ್ಷೆ, ರಕ್ತದ ಪರೀಕ್ಷೆ, ಬೇಕಾದರೆ ತಾಲ್ಲೂಕು ಆಸ್ಪತ್ರೆಯಲ್ಲಿ ಸ್ಕ್ಯಾನಿಂಗ್ ಮಾಡಿಸುತ್ತಾರೆ.

೩. ರಕ್ತ ಹೋದವರಿಗೆ ಕಬ್ಬಿಣಾಂಶದ ಕೊರತೆಯಾಗುತ್ತದೆ. ೨೦೧೯–೨೧ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಹೆಂಗಸರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನ ರಕ್ತಹೀನರು. ಸೊಪ್ಪು, ಕಾಳು, ಮಾಂಸ ತಿನ್ನುವವರಾದರೆ ಮಾಂಸ ಕೊಡಿರಿ. ವೈದ್ಯರು ಕೊಟ್ಟ ಕಬ್ಬಿಣದ ಮಾತ್ರೆ ತಪ್ಪಿಸಬೇಡಿರಿ. ಆಹಾರ ಕೊಟ್ಟೆವೆಂದು ಕಾರಣ ಹುಡುಕುವುದನ್ನು ಬಿಡಬಾರದು.

೪. ಗಂಟೆಗೊಂದು ಬಟ್ಟೆ ತೊಯ್ದುಹೋಗುತ್ತಿದ್ದರೆ, ಕಣ್ಣು ಕತ್ತಲೆ ಬಂದರೆ, ಬಸುರಿಗೆ ರಕ್ತ ಕಂಡರೆ, ಬಾಣಂತಿಗೆ ಸ್ರಾವ ಹೆಚ್ಚಿದರೆ ಕೂಡಲೆ ೧೦೮ಕ್ಕೆ ಕರೆ ಮಾಡಿರಿ.

ಹೊಲದಲ್ಲಿ ಬೆಳೆ ಹಳದಿಯಾದರೆ ಅದು ನೀರಿನ ಕೊರತೆಯೋ, ಗೊಬ್ಬರದ ಕೊರತೆಯೋ, ಹುಳುವೋ ಎಂದು ಬೇರು ಕಿತ್ತು ನೋಡುವವರು ನೀವು. ಮನೆಯ ಹೆಂಗಸಿನ ಆರೋಗ್ಯಕ್ಕೂ ಅಷ್ಟೇ ವಿಚಾರ ಬೇಕು. ಆಕೆ ಹೇಳಲು ನಾಚಿದರೆ ನೀವೇ ಕೇಳಿರಿ. ಆಸ್ಪತ್ರೆಗೆ ಹೋಗುವ ದಿನ ಕೆಲಸ ಬಿಟ್ಟು ಜೊತೆಗೆ ಹೋಗಿರಿ.