ಬೇಲಿ ಹಾಕುವ ಮುನ್ನ ಲೆಕ್ಕ ಹಾಕೋಣ



ಆಟಿ ತಿಂಗಳ ಒಂದು ಮಧ್ಯಾಹ್ನ ನಾವು ಒಂದು ಸ್ವ-ಸಹಾಯ ಸಂಘದ ಸಭೆಗೆ ಹೋಗಿದ್ದೆವು. ಹೊರಗೆ ಜೋರು ಮಳೆ. ಉಳಿತಾಯ, ಸಾಲ ಮರುಪಾವತಿ ಎಲ್ಲ ಬರೆದಾದ ಮೇಲೆ ಒಬ್ಬ ಸದಸ್ಯೆ ಎದ್ದು ನಿಂತು ಹೇಳಿದರು: "ನನ್ನ ಬೇಲಿ ಹೋಯ್ತು ಮೇಡಂ. ಕಂತು ಮಾತ್ರ ಇನ್ನೂ ನಾಲ್ಕು ಉಂಟು." ಎಲ್ಲರೂ ನಕ್ಕರು, ಅವರೂ ನಕ್ಕರು. ಆದರೆ ಅವರ ಕಣ್ಣಲ್ಲಿ ನೀರಿತ್ತು.

ವಿಷಯ ಇಷ್ಟೇ. ಮಲ್ಲಿಗೆ ಗಿಡಗಳನ್ನು ದನ, ಆಡು ತಿನ್ನುತ್ತವೆ ಎಂದು ಅವರು ಸಂಘದಿಂದ ಸಾಲ ತೆಗೆದು ಮನೆ ಸುತ್ತ ಬೇಲಿ ಹಾಕಿಸಿದ್ದರು. ಕಡಿಮೆಗೆ ಆಗುತ್ತದೆ ಎಂದು ಕಾಡು ಮರದ ಗೂಟ, ತೆಳು ಮುಳ್ಳುತಂತಿ. ಮೊದಲ ಮಳೆಗಾಲ ಕಳೆಯಿತು. ಎರಡನೆಯದರಲ್ಲಿ ಗೂಟದ ಬುಡಕ್ಕೆ ಒರಲೆ ಹಿಡಿಯಿತು. ಮೂರನೆಯ ಮಳೆಗಾಲದ ಒಂದು ಗಾಳಿಗೆ ಒಂದು ಬದಿ ಪೂರ್ತಿ ಮಲಗಿತು. ತಂತಿಯನ್ನಾದರೂ ಮತ್ತೆ ಬಳಸೋಣ ಎಂದರೆ ಕೈಯಲ್ಲಿ ಹಿಡಿದರೆ ಮುರಿಯುವಷ್ಟು ತುಕ್ಕು.

ಸಾಲದ ಕಂತು ಮುಗಿಯುವ ಮುನ್ನ ಬೇಲಿ ಮುಗಿದರೆ ಅದಕ್ಕಿಂತ ದೊಡ್ಡ ನಷ್ಟ ಯಾವುದು? ಆದ್ದರಿಂದ ಬೇಲಿಯ ಖರ್ಚನ್ನು ಸರಿಯಾಗಿ ಲೆಕ್ಕ ಹಾಕುವುದು ಹೇಗೆ ಎಂದು ಈ ಸಲ ತಿಳಿಯೋಣ.

ನಮ್ಮ ಊರಲ್ಲಿ ಬೇಲಿ ಯಾಕೆ ಬೇಗ ಹಾಳಾಗುತ್ತದೆ?

ಮಂಗಳೂರು, ಉಡುಪಿ ಕಡೆ ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲಿ. ಮಳೆ ಇಲ್ಲದ ದಿನವೂ ಗಾಳಿಯಲ್ಲಿ ನೀರಿನ ಪಸೆ ಇರುತ್ತದೆ. ಸಮುದ್ರ ಹತ್ತಿರವಿದ್ದರೆ ಗಾಳಿಯಲ್ಲಿ ಉಪ್ಪಿನ ಅಂಶವೂ ಉಂಟು. ಉಪ್ಪು ನೀರನ್ನು ಎಳೆದು ಇಟ್ಟುಕೊಳ್ಳುತ್ತದೆ. ಹಾಗಾಗಿ ಕಬ್ಬಿಣದ ಮೈ ಒಣಗುವುದೇ ಇಲ್ಲ, ತುಕ್ಕು ಬೇಗ ಹಿಡಿಯುತ್ತದೆ.

ಮರಕ್ಕೂ ಇದೇ ಕಷ್ಟ. ಕಂಬ ಮೊದಲು ಹಾಳಾಗುವುದು ಮಣ್ಣು ಮತ್ತು ಗಾಳಿ ಸೇರುವ ಜಾಗದಲ್ಲಿ, ಅಂದರೆ ಬುಡದಲ್ಲಿ. ಮೇಲೆ ಗಟ್ಟಿಯಾಗಿ ಕಾಣುತ್ತದೆ, ಬುಡದಲ್ಲಿ ಕೊಳೆತಿರುತ್ತದೆ. ಬಯಲುಸೀಮೆಯಲ್ಲಿ ಬಾಳುವ ಬೇಲಿ ಇಲ್ಲಿಯೂ ಅಷ್ಟೇ ವರ್ಷ ಬಾಳುತ್ತದೆ ಎಂದು ನಂಬಬೇಡಿ.

ಮೊದಲು ಸುತ್ತಳತೆ ತಿಳಿಯಿರಿ

"ನಮ್ಮದು ಹತ್ತು ಸೆಂಟ್ಸ್, ಬೇಲಿಗೆ ಎಷ್ಟಾಗ್ತದೆ?" ಎಂದು ಹಲವರು ಕೇಳುತ್ತಾರೆ. ಸೆಂಟ್ಸ್ ಲೆಕ್ಕದಲ್ಲಿ ಬೇಲಿಯ ಖರ್ಚು ಹೇಳಲು ಆಗುವುದಿಲ್ಲ. ಬೇಲಿಗೆ ಬೇಕಾದದ್ದು ಜಾಗದ ಸುತ್ತಳತೆ.

ಒಂದು ಸೆಂಟ್ಸ್ ಅಂದರೆ 435.6 ಚದರಡಿ. ಹತ್ತು ಸೆಂಟ್ಸ್ ಅಂದರೆ 4,356 ಚದರಡಿ. ಈಗ ನೋಡಿ:

- ಹತ್ತು ಸೆಂಟ್ಸ್ ಚೌಕವಾಗಿದ್ದರೆ, 66 ಅಡಿ ಉದ್ದ, 66 ಅಡಿ ಅಗಲ. ಸುತ್ತಳತೆ 264 ಅಡಿ.
- ಅದೇ ಹತ್ತು ಸೆಂಟ್ಸ್ ಉದ್ದ ಪಟ್ಟಿಯಂತೆ, 198 ಅಡಿ ಉದ್ದ, 22 ಅಡಿ ಅಗಲ ಇದ್ದರೆ, ಸುತ್ತಳತೆ 440 ಅಡಿ.
- ಐದು ಸೆಂಟ್ಸ್ ಜಾಗ, 66 ಅಡಿ ಉದ್ದ, 33 ಅಡಿ ಅಗಲ ಇದ್ದರೆ, ಸುತ್ತಳತೆ 198 ಅಡಿ.

ಜಾಗ ಅರ್ಧವಾದರೂ ಬೇಲಿ ಅರ್ಧವಾಗುವುದಿಲ್ಲ. ಒಂದೇ ಅಳತೆಯ ಜಾಗವಾದರೂ ಆಕಾರ ಬೇರೆಯಾದರೆ ಖರ್ಚು ಬೇರೆ. ಪಕ್ಕದ ಮನೆಯವರಿಗೆ ಇಷ್ಟಾಯಿತು, ನಮಗೂ ಅಷ್ಟೇ ಎಂದು ಸಾಲದ ಅರ್ಜಿ ಬರೆಯುವುದು ಸರಿಯಲ್ಲ. ಒಂದು ಹಗ್ಗ, ಒಂದು ಟೇಪು ಹಿಡಿದು ಮಕ್ಕಳನ್ನು ಕರೆದು ನೀವೇ ಅಳೆಯಿರಿ.

ಗಡಿ ಸರಿಯಾಗಿದೆಯೇ?

ಬೇಲಿಯ ಅತ್ಯಂತ ದೊಡ್ಡ ಖರ್ಚು ತಂತಿಯದ್ದೂ ಅಲ್ಲ, ಕಂಬದ್ದೂ ಅಲ್ಲ, ನೆರೆಮನೆಯವರೊಂದಿಗಿನ ಜಗಳದ್ದು. ಎರಡಡಿ ಜಾಗಕ್ಕಾಗಿ ಹತ್ತು ವರ್ಷ ಕೋರ್ಟಿಗೆ ಅಲೆದವರಿದ್ದಾರೆ. ಗಡಿ ಬಗ್ಗೆ ಸಂಶಯವಿದ್ದರೆ ಮೊದಲು ಹದ್ದುಬಸ್ತಿಗೆ ಅರ್ಜಿ ಕೊಟ್ಟು ಸರ್ವೆ ಮಾಡಿಸಿ, ಕಲ್ಲು ಹಾಕಿಸಿ. ಕಂಬ ಹೂಳುವ ದಿನ ನೆರೆಮನೆಯವರನ್ನು ಕರೆಯಿರಿ. ಅವರಿಗೂ ಬೇಲಿ ಬೇಕಿದ್ದರೆ ಆ ಬದಿಯ ಖರ್ಚನ್ನು ಅರ್ಧರ್ಧ ಹಂಚಿಕೊಳ್ಳಬಹುದು. ಹಂಚಿಕೊಂಡದ್ದನ್ನು ಒಂದು ಕಾಗದದಲ್ಲಿ ಬರೆದು ಇಬ್ಬರೂ ಸಹಿ ಹಾಕಿ.

ಹಿಂದಿನಿಂದ ಜನ ನಡೆದಾಡುವ ದಾರಿ, ಮಳೆನೀರು ಹರಿಯುವ ತೋಡು ಇದ್ದರೆ ಮುಚ್ಚಬೇಡಿ. ಕಲ್ಲಿನ ಪಾಗಾರ ಕಟ್ಟುವುದಾದರೆ ಪಂಚಾಯತಿನಲ್ಲಿ ಕೇಳಿ, ರಸ್ತೆ ಬದಿಯಲ್ಲಿ ಎಷ್ಟು ಜಾಗ ಬಿಡಬೇಕೆಂದು ತಿಳಿದುಕೊಳ್ಳಿ.

ಯಾವ ಬೇಲಿ, ಎಷ್ಟು ಸಾಮಾನು?

ಸಾಮಾನಿನ ದರ ಊರಿಂದ ಊರಿಗೆ, ತಿಂಗಳಿಂದ ತಿಂಗಳಿಗೆ ಬದಲಾಗುತ್ತದೆ. ಆದ್ದರಿಂದ ನಾವು ಇಲ್ಲಿ ಪ್ರಮಾಣ ಕೊಡುತ್ತೇವೆ. ದರವನ್ನು ನೀವು ಕನಿಷ್ಠ ಮೂರು ಅಂಗಡಿಗಳಲ್ಲಿ ಕೇಳಿ ಬರೆದುಕೊಳ್ಳಿ. ಉದಾಹರಣೆಗೆ ಹತ್ತು ಸೆಂಟ್ಸಿನ ಚೌಕ ಜಾಗವನ್ನು ಹಿಡಿಯೋಣ. 264 ಅಡಿಯಲ್ಲಿ ಗೇಟಿಗೆ 10 ಅಡಿ ಕಳೆದರೆ 254 ಅಡಿ ಬೇಲಿ.

1. ಜೀವಂತ ಬೇಲಿ: ನಮ್ಮ ಹಿರಿಯರು ಹಾಕುತ್ತಿದ್ದದ್ದು ಇದನ್ನೇ. ಗೊಬ್ಬರದ ಗಿಡ, ಹೊಂಗಾರೆ, ನೆಕ್ಕಿ, ಆಡುಸೋಗೆ, ದಾಸವಾಳ. ನೆಕ್ಕಿ ಮತ್ತು ಆಡುಸೋಗೆಯನ್ನು ದನಗಳು ಸಾಮಾನ್ಯವಾಗಿ ಮುಟ್ಟುವುದಿಲ್ಲ. ಗೊಬ್ಬರದ ಗಿಡದ ಸೊಪ್ಪು ತೆಂಗಿನ ಬುಡಕ್ಕೆ, ಮಲ್ಲಿಗೆಗೆ ಒಳ್ಳೆಯ ಗೊಬ್ಬರ. ಒಂದೂವರೆ ಅಡಿಗೆ ಒಂದರಂತೆ ನೆಟ್ಟರೆ ಸುಮಾರು 170 ಗೆಲ್ಲುಗಳು ಬೇಕು. ಗೆಲ್ಲು ಕೇಳಿದರೆ ಊರಲ್ಲಿ ಯಾರಾದರೂ ಕೊಡುತ್ತಾರೆ. ಖರ್ಚು ಕೆಲಸದ ಕೂಲಿ ಮಾತ್ರ. ಪತ್ತನಾಜೆ ಕಳೆದು ಮೊದಲ ಮಳೆ ಬಿದ್ದಾಗ ನೆಡಬೇಕು. ಮಣಿಕಟ್ಟಿನಷ್ಟು ದಪ್ಪದ ಗೆಲ್ಲನ್ನು ಓರೆಯಾಗಿ ಕಡಿದು ಒಂದಡಿ ಆಳಕ್ಕೆ ನೆಡಿ. ಬೇಲಿ ತುಂಬಲು ಎರಡು ಮಳೆಗಾಲ ಬೇಕು, ವರ್ಷಕ್ಕೆ ಎರಡು ಸಲ ಸವರಬೇಕು. ಕಾಡುಹರಳು ನೆಡುವುದಾದರೆ ಎಚ್ಚರ, ಅದರ ಬೀಜ ವಿಷ. ಚಿಕ್ಕ ಮಕ್ಕಳಿರುವ ಮನೆಗೆ ಬೇಡ.

2. ಕಂಬ ಮತ್ತು ಮುಳ್ಳುತಂತಿ: ಎಂಟು ಅಡಿಗೆ ಒಂದರಂತೆ ಸುಮಾರು 33 ಕಂಬ. ನಾಲ್ಕು ಮೂಲೆಗೆ ಎರಡೆರಡು, ಗೇಟಿನ ಎರಡು ಬದಿಗೆ ಒಂದೊಂದು, ಹೀಗೆ 10 ಓರೆ ಕಂಬ. ಓರೆ ಕಂಬ ಬಿಟ್ಟರೆ ತಂತಿ ಎಳೆದಾಗ ಮೂಲೆ ಕಂಬ ವಾಲುತ್ತದೆ. ತಂತಿ ನಾಲ್ಕು ಸಾಲು, 1,016 ಅಡಿ, ಅಂದರೆ ಸುಮಾರು 310 ಮೀಟರ್. ಸುತ್ತಲು, ಕಟ್ಟಲು ಸೇರಿಸಿ 340 ಮೀಟರ್ ಹಿಡಿಯಿರಿ. ಏಳಡಿ ಕಂಬವಾದರೆ ಎರಡಡಿ ಮಣ್ಣೊಳಗೆ ಇರಲಿ.

3. ಕಂಬ ಮತ್ತು ತಂತಿಬಲೆ: ಮುಳ್ಳುತಂತಿ ದನವನ್ನು ತಡೆಯುತ್ತದೆ, ಆಡು, ನಾಯಿ, ಕೋಳಿಯನ್ನು ತಡೆಯುವುದಿಲ್ಲ. ಅವುಗಳಿಗೆ ಚೈನ್‌ಲಿಂಕ್ ಬಲೆ ಬೇಕು. ನಾಲ್ಕಡಿ ಎತ್ತರಕ್ಕೆ 1,016 ಚದರಡಿ ಬಲೆ. ಬಲೆ ಮಣ್ಣಿಗೆ ತಾಗದಂತೆ ಎರಡು ಇಂಚು ಮೇಲಿರಲಿ, ಇಲ್ಲವಾದರೆ ಅಡಿಯಿಂದಲೇ ತುಕ್ಕು ಹತ್ತುತ್ತದೆ.

4. ಕೆಂಪುಕಲ್ಲಿನ ಪಾಗಾರ: ಒಂದು ಕಲ್ಲಿನ ಮುಖ ಮುಕ್ಕಾಲು ಚದರಡಿ ಎಂದು ಹಿಡಿದರೆ ನಾಲ್ಕಡಿ ಎತ್ತರಕ್ಕೆ ಸುಮಾರು 1,350 ಕಲ್ಲು. ಪಂಚಾಂಗದ ಕಲ್ಲು, ಸಿಮೆಂಟು, ಹೊಯ್ಗೆ, ಮೇಸ್ತ್ರಿ ಕೂಲಿ ಬೇರೆ. ಈ ನಾಲ್ಕರಲ್ಲಿ ಹೆಚ್ಚು ದುಬಾರಿ ಇದೇ. ಕೆಂಪುಕಲ್ಲು ನೀರು ಕುಡಿಯುತ್ತದೆ. ಹಾಗಾಗಿ ಮೇಲೆ ಸಿಮೆಂಟಿನ ತಲೆಕಟ್ಟು ಬೇಕು. ಬದಿಯಲ್ಲಿ ಮಣ್ಣು ಎತ್ತರವಾಗಿದ್ದರೆ ನೀರು ಹೊರಹೋಗಲು ಅಡಿಯಲ್ಲಿ ಪೈಪು ಇಡಲೇಬೇಕು.

ಈ ಪೈಪಿನ ಮಾತನ್ನು ಸಣ್ಣದೆಂದು ತಿಳಿಯಬೇಡಿ. 2024ರ ಜೂನ್‌ನಲ್ಲಿ ಉಳ್ಳಾಲ ಬಳಿಯ ಕುತ್ತಾರು ಮದನಿನಗರದಲ್ಲಿ ಮಳೆಗೆ ಪಕ್ಕದ ಮನೆಯ ಕಂಪೌಂಡು ಗೋಡೆ ಕುಸಿದು, ಮನೆಯೊಳಗಿದ್ದ ಒಂದೇ ಕುಟುಂಬದ ನಾಲ್ವರು ತೀರಿಕೊಂಡರು. ಮಣ್ಣನ್ನೂ ನೀರನ್ನೂ ತಡೆದು ನಿಲ್ಲಬೇಕಾದ ಗೋಡೆಯನ್ನು ತಿಳಿದವರಿಗೆ ತೋರಿಸದೆ ಕಟ್ಟಬೇಡಿ. ನಿಮ್ಮ ಅಥವಾ ನೆರೆಯವರ ಪಾಗಾರ ಬಿರುಕು ಬಿಟ್ಟಿದ್ದರೆ, ಉಬ್ಬಿದ್ದರೆ, ಪಂಚಾಯತಿಗೆ ಮಳೆಗೆ ಮೊದಲೇ ತಿಳಿಸಿ.

ಅಂಗಡಿಯಲ್ಲಿ ಕೇಳಬೇಕಾದ ಮಾತುಗಳು

*ಎಷ್ಟು ಗೇಜು?* ಗೇಜಿನ ಅಂಕಿ ಹೆಚ್ಚಾದಂತೆ ತಂತಿ ತೆಳುವಾಗುತ್ತದೆ. 10 ಗೇಜು 3.25 ಮಿ.ಮೀ., 12 ಗೇಜು 2.64 ಮಿ.ಮೀ., 14 ಗೇಜು ಬರೀ 2 ಮಿ.ಮೀ.ನಷ್ಟು. ತಂತಿಯನ್ನು ಕಿಲೋ ಲೆಕ್ಕದಲ್ಲಿ ಮಾರುತ್ತಾರೆ. ತೆಳು ತಂತಿ ಒಂದು ಕಿಲೋಗೆ ಹೆಚ್ಚು ಉದ್ದ ಬರುವುದರಿಂದ ಅಗ್ಗವೆಂದು ತೋರುತ್ತದೆ. "ಕಿಲೋಗೆ ಎಷ್ಟು ಮೀಟರ್ ಬರ್ತದೆ?" ಎಂದು ಕೇಳಿ, ಮೀಟರಿಗೆ ಎಷ್ಟು ಬಿತ್ತೆಂದು ಲೆಕ್ಕ ಹಾಕಿ. ಆಗ ಯಾವ ಅಂಗಡಿಯ ದರ ನಿಜವಾಗಿ ಕಡಿಮೆ ಎಂದು ಗೊತ್ತಾಗುತ್ತದೆ.

*ಸತುವಿನ ಲೇಪ ಎಷ್ಟು?* ಜಿ.ಐ. ತಂತಿ ಅಂದರೆ ಸತು ಲೇಪಿಸಿದ ಕಬ್ಬಿಣದ ತಂತಿ. ಸತು ತಾನು ಮೊದಲು ಸವೆದು ಕಬ್ಬಿಣವನ್ನು ಕಾಯುತ್ತದೆ. ಹೊಸದರಲ್ಲಿ ಎಲ್ಲ ತಂತಿಯೂ ಹೊಳೆಯುತ್ತದೆ, ಹೊಳಪು ನೋಡಿ ಮೋಸ ಹೋಗಬೇಡಿ. ಲೇಪ ದಪ್ಪವಿದ್ದಷ್ಟು ಬಾಳಿಕೆ ಹೆಚ್ಚು. ಐ.ಎಸ್.ಐ. ಗುರುತು ಇದೆಯೇ ನೋಡಿ, ಬಿಲ್ಲಿನಲ್ಲಿ ಗೇಜು ಬರೆಸಿ.

*ಸಿಮೆಂಟು ಕಂಬದ ಒಳಗೆ ಏನುಂಟು?* ಒಳಗಿನ ಸರಳು ಹೊರಗೆ ಕಾಣುತ್ತಿದ್ದರೆ ಆ ಕಂಬ ಬೇಡ. ಉಪ್ಪು ಹೊಯ್ಗೆಯಿಂದ ಮಾಡಿದ ಕಂಬದಲ್ಲಿ ಸರಳಿಗೆ ತುಕ್ಕು ಹಿಡಿದು, ಉಬ್ಬಿ, ಕಂಬವೇ ಸೀಳುತ್ತದೆ. ಕಲ್ಲುಕಂಬಕ್ಕೆ ತುಕ್ಕಿನ ಭಯವಿಲ್ಲ. ಆದರೆ ಭಾರ, ಸಾಗಾಟದ ಖರ್ಚು ಹೆಚ್ಚು. ಕಬ್ಬಿಣದ ಗೇಟು ಮಾಡಿಸುವುದಾದರೆ ಪೈಪಿನ ಬಾಯಿ ಮುಚ್ಚಿಸಿ, ರೆಡ್ ಆಕ್ಸೈಡ್ ಹಚ್ಚಿದ ಮೇಲೆಯೇ ಬಣ್ಣ ಕೊಡಿಸಿ.

*ದರದಲ್ಲಿ ಏನೆಲ್ಲ ಸೇರಿದೆ?* ತೆರಿಗೆ, ಟೆಂಪೋ ಬಾಡಿಗೆ, ಗುಂಡಿ ತೋಡುವ ಕೂಲಿ, ಕಟ್ಟುವ ತಂತಿ, ಗೇಟು ಇವೆಲ್ಲ ಸೇರಿ ಹೇಳಿದ ದರವೇ ನಿಜವಾದ ದರ.

ಕರೆಂಟು ಮಾತ್ರ ಬೇಡ

ಕಾಡುಹಂದಿ ಬರುತ್ತದೆ ಎಂದು ಕೆಲವರು ಮನೆಯ ಲೈನಿನಿಂದಲೇ ಬೇಲಿಗೆ ಕರೆಂಟು ಕೊಡುತ್ತಾರೆ. ಇದು ಅಪರಾಧ, ಇದರಿಂದ ಜೀವ ಹೋಗುತ್ತದೆ. ಒದ್ದೆ ನೆಲದಲ್ಲಿ ಅಪಾಯ ಇನ್ನೂ ಹೆಚ್ಚು. ಸಾಯುವುದು ಹಂದಿ ಮಾತ್ರವಲ್ಲ, ಹುಲ್ಲು ತರಲು ಹೋದ ನಮ್ಮವರೇ ಆಗಬಹುದು. ನಿಮ್ಮ ಊರಲ್ಲಿ ಯಾರಾದರೂ ಹೀಗೆ ಮಾಡುತ್ತಿದ್ದರೆ ಸುಮ್ಮನಿರಬೇಡಿ.

ವರ್ಷಕ್ಕೆ ಎಷ್ಟು ಬಿತ್ತು?

ಈಗ ಮುಖ್ಯ ಲೆಕ್ಕ. ಇಲ್ಲಿರುವ ಅಂಕಿಗಳು ಲೆಕ್ಕ ಕಲಿಯಲು ಹಿಡಿದವು ಮಾತ್ರ. ಒಂದು ಬೇಲಿಗೆ 20,000 ರೂಪಾಯಿ, ನಾಲ್ಕು ವರ್ಷ ಬಾಳುತ್ತದೆ ಎನ್ನಿ. ವರ್ಷಕ್ಕೆ 5,000 ಬಿತ್ತು. ಇನ್ನೊಂದಕ್ಕೆ 36,000, ಹನ್ನೆರಡು ವರ್ಷ ಬಾಳುತ್ತದೆ ಎನ್ನಿ. ವರ್ಷಕ್ಕೆ 3,000 ಮಾತ್ರ. ಹಾಗಾದರೆ ಅಗ್ಗದ ಬೇಲಿ ಯಾವುದು?

ಬಡ್ಡಿಯನ್ನೂ ಸೇರಿಸಿ. 30,000 ರೂಪಾಯಿ ಸಾಲ, ತಿಂಗಳಿಗೆ 1,500ರಂತೆ 20 ಕಂತು. ಉಳಿದ ಅಸಲಿಗೆ ಮಾತ್ರ ತಿಂಗಳಿಗೆ ನೂರಕ್ಕೆ ಒಂದು ರೂಪಾಯಿ ಬಡ್ಡಿಯಾದರೆ ಒಟ್ಟು ಬಡ್ಡಿ 3,150. ಎರಡು ರೂಪಾಯಿಯಾದರೆ 6,300. ಉಳಿದ ಅಸಲನ್ನು ನೋಡದೆ ಪೂರ್ತಿ 30,000ಕ್ಕೆ ಪ್ರತಿ ತಿಂಗಳು ಎರಡು ರೂಪಾಯಿಯಂತೆ ಹಿಡಿದರೆ 12,000! ಹೊರಗಿನಿಂದ ಸಾಲ ತರುವವರು ಇದನ್ನು ಕೇಳಿ ತಿಳಿದುಕೊಳ್ಳಲೇಬೇಕು.

ಕೈಯಲ್ಲಿ ಹಣ ಕಡಿಮೆ ಇದ್ದರೆ?

ಎಲ್ಲ ಬದಿಗೂ ಒಂದೇ ರೀತಿಯ ಬೇಲಿ ಬೇಕೆಂದಿಲ್ಲ. ರಸ್ತೆ ಬದಿಗೆ, ದನ ನುಗ್ಗುವ ಬದಿಗೆ ಗಟ್ಟಿ ಕಂಬ, ಒಳ್ಳೆಯ ತಂತಿ ಹಾಕಿ. ಉಳಿದ ಬದಿಗೆ ಗೊಬ್ಬರದ ಗಿಡ, ನೆಕ್ಕಿ ನೆಟ್ಟು ಎರಡು ಸಾಲು ತಂತಿ ಎಳೆಯಿರಿ. ಎರಡು ವರ್ಷದಲ್ಲಿ ಗಿಡವೇ ಬೇಲಿಯಾಗುತ್ತದೆ. ಕಂಬ ಹೂಳುವ ಕೆಲಸ ಬೇಸಗೆಯಲ್ಲಿ, ಗಿಡ ನೆಡುವುದು ಮಳೆ ಶುರುವಾದಾಗ. ಸಂತ ಅಂತೋನಿಯವರ ಹಬ್ಬ ಬರುವ ಜೂನ್ 13ರ ಹೊತ್ತಿಗೆ ಕಂಬದ ಕೆಲಸ ಮುಗಿದಿರಲಿ. ಐದಾರು ಸದಸ್ಯೆಯರಿಗೆ ಒಟ್ಟಿಗೆ ಬೇಕಾದರೆ ತಂತಿ ಒಟ್ಟಿಗೆ ಕೊಂಡು ಟೆಂಪೋ ಬಾಡಿಗೆ ಹಂಚಿಕೊಳ್ಳಿ.

ಬೇಲಿ ಹಾಕಿದ ಮೇಲೆ ತಿಂಗಳಿಗೆ 50 ರೂಪಾಯಿ ಬೇರೆ ತೆಗೆದಿಡಿ. ವರ್ಷಕ್ಕೆ 600 ಆಗುತ್ತದೆ. ಮೊಂತಿ ಫೆಸ್ತ್ ಕಳೆದು ಮಳೆ ಇಳಿದ ಮೇಲೆ ಒಮ್ಮೆ ಬೇಲಿ ಸುತ್ತಿ ಬನ್ನಿ. ಸಡಿಲಾದ ತಂತಿ, ತುಕ್ಕು ಹತ್ತಿದ ಗೇಟು, ವಾಲಿದ ಕಂಬ ಇವನ್ನು ಆ ಹಣದಲ್ಲಿ ಸರಿ ಮಾಡಿಸಿ.

ಆರಂಭದಲ್ಲಿ ಹೇಳಿದ ಆ ಸಹೋದರಿ ಮತ್ತೆ ದೊಡ್ಡ ಸಾಲ ತೆಗೆಯಲಿಲ್ಲ. ಉಳಿದ ನಾಲ್ಕು ಕಂತು ಕಟ್ಟಿ ಮುಗಿಸಿದರು. ಸಂಘದವರೆಲ್ಲ ಗೆಲ್ಲು ತಂದುಕೊಟ್ಟು ಒಂದು ಭಾನುವಾರ ಸೇರಿ ಮೂರು ಬದಿಗೆ ನೆಟ್ಟರು. ರಸ್ತೆ ಬದಿಗೆ ಮಾತ್ರ ಸಿಮೆಂಟು ಕಂಬ ಹಾಕಿಸಿದರು. "ಈ ಸಲ ಲೆಕ್ಕ ನಾನೇ ಬರೆದದ್ದು" ಎಂದು ಅವರು ಪುಸ್ತಕ ತೋರಿಸಿದಾಗ ನಮಗೆ ತುಂಬ ಸಂತೋಷವಾಯಿತು.

ನಿಮ್ಮ ಸಭೆಯಲ್ಲಿ ಚರ್ಚಿಸಿ:

1. ನಮ್ಮ ಮನೆಗೆ ಬೇಲಿ ಯಾಕೆ ಬೇಕು? ದನಕ್ಕೋ, ನಾಯಿಗೋ, ಗೌರವಕ್ಕೋ?
2. ನಮ್ಮ ಜಾಗದ ಸುತ್ತಳತೆ ಎಷ್ಟು ಅಡಿ?
3. ಬೇಲಿಯ ಬಾಳಿಕೆಗಿಂತ ಸಾಲದ ಅವಧಿ ಉದ್ದವಾಗಿದೆಯೇ?
4. ನಮ್ಮ ಸಂಘದಲ್ಲಿ ಯಾರ ಮನೆಯಲ್ಲಿ ನೆಡಲು ಗೆಲ್ಲು ಸಿಗುತ್ತದೆ?
5. ಮಳೆಗೆ ಬೀಳುವಂತಿರುವ ಪಾಗಾರ ನಮ್ಮ ವಠಾರದಲ್ಲಿ ಇದೆಯೇ?