ಡಾಕ್ಟರಾಗಲು ಎಷ್ಟು ಸಂಶೋಧನೆ ಬೇಕು?

ನಮ್ಮಲ್ಲಿ ಪಿಯುಸಿ ಮುಗಿಸಿ ನೀಟ್‌ನಲ್ಲಿ ಒಳ್ಳೆಯ ರ‍್ಯಾಂಕ್ ಬಂದರೆ ಎಂಬಿಬಿಎಸ್ ದಾರಿ ತೆರೆಯುತ್ತದೆ. ಅಮೆರಿಕದಲ್ಲಿ ಹಾಗಲ್ಲ. ಅಲ್ಲಿ ಸಾಮಾನ್ಯವಾಗಿ ಮೊದಲು 4 ವರ್ಷಗಳ ಪದವಿ, ಎಂಕ್ಯಾಟ್ ಪರೀಕ್ಷೆ, ಅನಂತರ 4 ವರ್ಷಗಳ ವೈದ್ಯಕೀಯ ಶಿಕ್ಷಣ. ಪದವಿಯ ದಿನಗಳಲ್ಲೇ ಆಸ್ಪತ್ರೆಯಲ್ಲಿ ಸೇವೆ ಮಾಡಿರಬೇಕು, ಲ್ಯಾಬಿನಲ್ಲಿ ಸಂಶೋಧನೆಯನ್ನೂ ಮಾಡಿರಬೇಕು ಎಂಬ ಮಾತು ಮಕ್ಕಳ ಕಿವಿಗೆ ಬೀಳುತ್ತಿರುತ್ತದೆ. "ಅವರ ಮಗಳ ಹೆಸರು ಜರ್ನಲ್‌ನಲ್ಲಿ ಬಂತಂತೆ, ನಮ್ಮವಳಿಗೆ ಇನ್ನೂ ಲ್ಯಾಬೇ ಸಿಕ್ಕಿಲ್ಲ" ಎಂದು ಅಲ್ಲಿ ನೆಲೆಸಿದ ತಾಯಂದಿರು ಕಂಗಾಲಾಗುವುದುಂಟು.

ಸಹೋದರಿ, ನಿಮ್ಮ ಮಗಳೋ ತಮ್ಮನ ಮಗನೋ ಈ ದಾರಿಯಲ್ಲಿದ್ದರೆ, ಎಂತಹ ವೈದ್ಯರಾಗಬೇಕೆಂದಿದ್ದಾರೆ ಎಂದು ಮೊದಲು ಕೇಳಿ. ಎಂಡಿ ಜೊತೆಗೆ ಪಿಎಚ್‌ಡಿಯನ್ನೂ ಮಾಡುವ ಆಸೆಯಿದ್ದರೆ ಸಂಶೋಧನೆ ಬೇಕೇ ಬೇಕು. ಆ ಅರ್ಜಿಯಲ್ಲಿ ಸಂಶೋಧನೆಯ ಅನುಭವದ ಬಗ್ಗೆಯೇ ಪ್ರತ್ಯೇಕ ಪ್ರಬಂಧ ಬರೆಯಬೇಕು. ಒಂದು ಬೇಸಿಗೆಯ ಕೆಲಸ ಅದಕ್ಕೆ ಸಾಲದು. ಯೇಲ್‌ನಂತಹ ಕಾಲೇಜುಗಳಲ್ಲೂ ಅದಕ್ಕೆ ಬೆಲೆ ಹೆಚ್ಚು. 1839ರಿಂದ ಅಲ್ಲಿ ಎಂಡಿ ವಿದ್ಯಾರ್ಥಿಗಳು ಮಹಾಪ್ರಬಂಧ ಬರೆಯುವ ನಿಯಮವಿದೆ. ಆದರೆ ಜಾರ್ಜಿಯಾ ರಾಜ್ಯದ ಮರ್ಸರ್ ವಿಶ್ವವಿದ್ಯಾಲಯದ ವೈದ್ಯಕೀಯ ಕಾಲೇಜಿನ ಗುರಿಯೇ ಬೇರೆ. ಹಳ್ಳಿಗಳಿಗೆ, ವೈದ್ಯರಿಲ್ಲದ ಊರುಗಳಿಗೆ ವೈದ್ಯರನ್ನು ಕೊಡುವುದು ಅದರ ಕೆಲಸ. ಅಲ್ಲಿಗೆ ಹೋಗುವವಳು ರೋಗಿಗಳ ನಡುವೆ ಕಳೆದ ದಿನಗಳನ್ನು ತೋರಿಸಬೇಕಲ್ಲದೆ ಇಲಿಗಳ ನಡುವೆ ಕಳೆದ ದಿನಗಳನ್ನಲ್ಲ.

ಎಂಡಿ ಕಾಲೇಜುಗಳ ಸಾಮಾನ್ಯ ಅರ್ಜಿಯಲ್ಲಿ ಕೆಲಸ, ಸೇವೆ, ಚಟುವಟಿಕೆಗಳಿಗೆಂದು ಇರುವುದು ಹೆಚ್ಚೆಂದರೆ 15 ಜಾಗ. ಸಂಶೋಧನೆ ಅವುಗಳಲ್ಲಿ ಒಂದು ಬಗೆ ಅಷ್ಟೇ.

ಲ್ಯಾಬ್ ಎಂದರೆ ಏನೆಂಬುದನ್ನೂ ತಿಳಿದಿರಿ. ಮೊದಲ ತಿಂಗಳುಗಳು ಗಾಜಿನ ಪಾತ್ರೆ ತೊಳೆಯುವುದರಲ್ಲಿ, ಅಂಕಿ ತುಂಬುವುದರಲ್ಲಿ ಕಳೆಯಬಹುದು. ಅನೇಕ ಕಡೆ ಸಂಬಳವಿಲ್ಲ. ಸಂಜೆ ಅಂಗಡಿಯಲ್ಲಿ ದುಡಿದು ಫೀಸಿಗೆ ನೆರವಾಗುವ ಹುಡುಗಿಗೆ ಅದು ಸಣ್ಣ ಮಾತಲ್ಲ. ಪ್ರಯೋಗ ಸೋಲಬಹುದು, ಲೇಖನ ಬರದೇ ಇರಬಹುದು. ಇದರಲ್ಲಿ ಅವಳ ತಪ್ಪೇನೂ ಇಲ್ಲ. ಜರ್ನಲ್‌ನಲ್ಲಿ ಹೆಸರು ಬಂತೇ ಎಂದು ವಾರಕ್ಕೊಮ್ಮೆ ಕೇಳಿ ಅವಳನ್ನು ನೋಯಿಸಬೇಡಿ.

ನನ್ನನ್ನು ಕೇಳಿದರೆ, ಸಾಮಾನ್ಯ ಎಂಡಿಗೆ ಹೋಗುವವಳು ಒಂದೇ ಲ್ಯಾಬಿನಲ್ಲಿ ಒಂದು ವರ್ಷ, ವಾರಕ್ಕೆ ಕೆಲವು ಗಂಟೆ ಮನಸ್ಸಿಟ್ಟು ಮಾಡಿದರೆ ಧಾರಾಳವಾಯಿತು. ನಾಲ್ಕು ಲ್ಯಾಬುಗಳ ಹೆಸರು ಸೇರಿಸಿಕೊಂಡವಳಿಗಿಂತ ಅವಳೇ ಮೇಲು. "ನೀವು ಯಾವ ಪ್ರಶ್ನೆಗೆ ಉತ್ತರ ಹುಡುಕುತ್ತಿದ್ದಿರಿ?" ಎಂದು ಸಂದರ್ಶನದಲ್ಲಿ ಕೇಳಿದಾಗ ಕಂಠಪಾಠದ ಉತ್ತರ ತಕ್ಷಣ ಗೊತ್ತಾಗುತ್ತದೆ. ತರಗತಿಯಲ್ಲಿ ನಾವು ದಿನಾ ಕಾಣುವುದೇ ಇದು. ಲ್ಯಾಬಿನಿಂದ ಅಂಕ ಕುಸಿಯುತ್ತಿದ್ದರೆ ಬಿಡಲಿ. ರಸಾಯನಶಾಸ್ತ್ರದಲ್ಲಿ ಕಡಿಮೆಯಾದ ಅಂಕವನ್ನು ಯಾವ ಲೇಖನವೂ ತುಂಬಿಕೊಡದು.

ಹಾಗೆಂದು ಸಂಶೋಧನೆಯ ಬಾಗಿಲು ಮುಚ್ಚಿಬಿಡುವುದಿಲ್ಲ. 2022ರ ಜನವರಿಯಿಂದ ಅಲ್ಲಿನ ವೈದ್ಯ ಪರವಾನಗಿಯ ಮೊದಲ ಹಂತದ ಪರೀಕ್ಷೆಗೆ ಅಂಕವಿಲ್ಲ, ಪಾಸ್ ಅಥವಾ ಫೇಲ್ ಮಾತ್ರ. ನರಶಸ್ತ್ರಚಿಕಿತ್ಸೆ, ಚರ್ಮರೋಗದಂತಹ ಪೈಪೋಟಿಯ ವಿಭಾಗಗಳನ್ನು ಬಯಸುವವರು ವೈದ್ಯಕೀಯ ಕಾಲೇಜು ಸೇರಿದ ಮೇಲೆ ಸಂಶೋಧನೆ ಮಾಡುತ್ತಾರೆ. ಆಗ ಅವರಿಗೆ ರೋಗದ ಪರಿಚಯವೂ ಆಗಿರುತ್ತದೆ.