ಬೆಳ್ಳಿ ಡಾಲರಿನ ಅಚ್ಚುಭೇದಗಳು ಮತ್ತು ಟಂಕನ ದೋಷಗಳು

ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ 1878ರಿಂದ 1904ರವರೆಗೂ ಮತ್ತೆ 1921ರಲ್ಲಿಯೂ ಟಂಕಿತವಾದ ಬೆಳ್ಳಿ ಡಾಲರು ಅದರ ವಿನ್ಯಾಸಕಾರ ಜಾರ್ಜ್ ಟಿ. ಮಾರ್ಗನ್ ಹೆಸರಿನಿಂದ ಪ್ರಸಿದ್ಧವಾಗಿದೆ. ಇದರ ತೂಕ 26.73 ಗ್ರಾಂ, ಬೆಳ್ಳಿಯ ಪ್ರಮಾಣ ಶೇಕಡ 90. ಒಂದೇ ವರ್ಷದಲ್ಲಿ, ಒಂದೇ ಟಂಕಸಾಲೆಯಲ್ಲಿ ತಯಾರಾದ ನಾಣ್ಯಗಳು ಮೇಲ್ನೋಟಕ್ಕೆ ಏಕರೂಪವಾಗಿ ಕಂಡರೂ ಭೂತಗನ್ನಡಿಯ ಕೆಳಗೆ ಭಿನ್ನವಾಗಿ ತೋರುತ್ತವೆ. ಈ ಭಿನ್ನತೆಗಳ ಮೂಲವನ್ನು ಅರಿಯದೆ ನಾಣ್ಯದ ಸಾಚಾತನವನ್ನು ನಿರ್ಣಯಿಸಲು ಹೊರಡುವುದು ಅಪಾಯಕರ.

ನಾಣ್ಯದ ಮೇಲಿನ ಗುರುತುಗಳನ್ನು ಮೂರಾಗಿ ವಿಂಗಡಿಸಬಹುದು: ಅಚ್ಚಿನಿಂದ ಬಂದವು, ಟಂಕಿಸುವ ಕ್ಷಣದಲ್ಲಿ ಉಂಟಾದವು, ಚಲಾವಣೆಯಲ್ಲಿ ಸೇರಿಕೊಂಡವು. ಅಚ್ಚಿನಲ್ಲಿ ತಗ್ಗಾದುದು ನಾಣ್ಯದಲ್ಲಿ ಉಬ್ಬುತ್ತದೆ. ಆದ್ದರಿಂದ ಅಚ್ಚಿನ ಬಿರುಕು ನಾಣ್ಯದ ಮೇಲೆ ಉಬ್ಬಿದ ಗೆರೆಯಾಗಿಯೂ, ಅನಂತರ ಬಿದ್ದ ಗೀರು ತಗ್ಗಾಗಿಯೂ ಇರುತ್ತದೆ. ಸಡಿಲಗೊಂಡ ಅಚ್ಚು ಹೊಡೆತದ ಸಮಯದಲ್ಲಿ ಅಲುಗಿದರೆ ಅಕ್ಷರಗಳ ಅಂಚಿನಲ್ಲಿ ಚಪ್ಪಟೆಯಾದ ಮೆಟ್ಟಿಲು ಮೂಡುತ್ತದೆ. ಇದನ್ನು ಅಚ್ಚಿನಲ್ಲಿಯೇ ಇರುವ ಇಮ್ಮಡಿ ಮುದ್ರೆಯೆಂದು ಭ್ರಮಿಸುವುದುಂಟು. ನಿಜವಾದ ಇಮ್ಮಡಿ ಮುದ್ರೆಯಲ್ಲಿ ಎರಡನೆಯ ರೂಪಕ್ಕೂ ದುಂಡಾದ ಉಬ್ಬಿರುತ್ತದೆ. ಆ ಅಚ್ಚಿನ ಎಲ್ಲ ನಾಣ್ಯಗಳಲ್ಲಿಯೂ ಅದು ಪುನರಾವರ್ತನೆಗೊಳ್ಳುತ್ತದೆ.

ಅಚ್ಚುಭೇದಗಳ ಹಿಂದೆ ಚರಿತ್ರೆಯಿದೆ. 1878ರ ಕಾಯಿದೆಯ ಪ್ರಕಾರ ಸರ್ಕಾರವು ಪ್ರತಿ ತಿಂಗಳೂ ಕನಿಷ್ಠ 20 ಲಕ್ಷ ಡಾಲರ್ ಮೌಲ್ಯದ ಬೆಳ್ಳಿಯನ್ನು ಕೊಂಡು ಟಂಕಿಸಬೇಕಾಗಿತ್ತು. ಅದೇ ವರ್ಷ ಹದ್ದಿನ ಬಾಲದ ಗರಿಗಳನ್ನು ಎಂಟರಿಂದ ಏಳಕ್ಕೆ ಇಳಿಸಲು ನಿರ್ಧರಿಸಿದಾಗ, ಎಂಟು ಗರಿಗಳ ಕೆಲವು ಅಚ್ಚುಗಳ ಮೇಲೆಯೇ ಹೊಸ ಮುದ್ರೆಯನ್ನು ಒತ್ತಲಾಯಿತು. ಹಳೆಯ ಗರಿಗಳ ತುದಿಗಳು ಹೊಸ ಗರಿಗಳ ಕೆಳಗೆ ಇಂದಿಗೂ ಇಣುಕುತ್ತವೆ. ಕಾರ್ಸನ್ ಸಿಟಿ ಟಂಕಸಾಲೆಯಲ್ಲಿ ನಾಣ್ಯ ತಯಾರಿಕೆ 1893ರಲ್ಲಿ ನಿಂತಿತು. ಅದರ ಉಳಿಕೆ ಅಚ್ಚುಗಳಲ್ಲಿ 'ಸಿಸಿ' ಗುರುತಿನ ಮೇಲೆ ನ್ಯೂ ಆರ್ಲಿಯನ್ಸ್‌ನ 'ಒ' ಗುರುತನ್ನು ಒತ್ತಿ 1900ರಲ್ಲಿ ಬಳಸಿದ್ದಕ್ಕೆ ಆ ನಾಣ್ಯಗಳೇ ಸಾಕ್ಷಿ.

ಲೆರಾಯ್ ವ್ಯಾನ್ ಆಲೆನ್ ಮತ್ತು ಎ. ಜಾರ್ಜ್ ಮ್ಯಾಲಿಸ್ ಈ ಭೇದಗಳನ್ನು ವರ್ಷ ಹಾಗೂ ಟಂಕಸಾಲೆಗೆ ಅನುಗುಣವಾಗಿ ಪಟ್ಟಿಮಾಡಿದರು. ಅವರ ಹೆಸರುಗಳ ಮೊದಲಕ್ಷರಗಳಿಂದ 'ವ್ಯಾಮ್' ಸಂಖ್ಯೆಯೆಂಬ ಪದ ಹುಟ್ಟಿತು. ಸಂಖ್ಯೆಗಳ ಜೊತೆಗೆ ಸಂಗ್ರಾಹಕರ ಬಾಯಲ್ಲಿ ಅಡ್ಡಹೆಸರುಗಳೂ ಬೆಳೆದಿವೆ. 1888ರ ನ್ಯೂ ಆರ್ಲಿಯನ್ಸ್ ಡಾಲರುಗಳಲ್ಲಿ ತುಟಿ ಇಮ್ಮಡಿಯಾಗಿರುವುದು 'ಹಾಟ್ ಲಿಪ್ಸ್'. ಮುಖದ ಮೇಲೆ ಬಿರುಕಿನ ಗೆರೆ ಹಾದುಹೋಗಿರುವುದು 'ಸ್ಕಾರ್‌ಫೇಸ್'. ನೋಡಿದ್ದನ್ನು ನೆನಪಿನಲ್ಲಿಡಲು ಜನಸಮುದಾಯ ಹೆಸರಿಡುವ ಜಾನಪದ ಪ್ರವೃತ್ತಿಯೇ ಇಲ್ಲಿಯೂ ಕೆಲಸ ಮಾಡಿದೆ.

ದೋಷವೇ ಪ್ರಮಾಣವಾಗುವುದಕ್ಕೆ 1893ರ ಸ್ಯಾನ್ ಫ್ರಾನ್ಸಿಸ್ಕೊ ಡಾಲರು ಉತ್ತಮ ನಿದರ್ಶನ. ಟಂಕಿಸಿದ್ದು ಕೇವಲ 1,00,000. ಅದೇ ವರ್ಷದ ಫಿಲಡೆಲ್ಫಿಯ ನಾಣ್ಯಕ್ಕೆ 'ಎಸ್' ಗುರುತನ್ನು ಅಂಟಿಸಿ ವಂಚಿಸುವುದುಂಟು. ಆದರೆ ಅಸಲಿ ನಾಣ್ಯದ 'ಲಿಬರ್ಟಿ' ಪದದಲ್ಲಿರುವ 'ಟಿ' ಅಕ್ಷರದ ಮೇಲ್ಭಾಗದಲ್ಲಿ ಅಚ್ಚಿನಿಂದ ಬಂದ ಸಣ್ಣ ಓರೆಗೆರೆಯೊಂದಿದೆ. ಗುರುತನ್ನು ಅಂಟಿಸಿದವನು ಈ ಗೆರೆಯನ್ನು ಲೆಕ್ಕಕ್ಕೆ ತೆಗೆದುಕೊಂಡಿರುವುದಿಲ್ಲ.

ಗ್ರಂಥಸಂಪಾದನೆಯಲ್ಲಿ ಹಲವು ಪ್ರತಿಗಳಿಗೆ ಸಮಾನವಾದ ಲಿಪಿಕಾರನ ತಪ್ಪು ಅವುಗಳ ಮೂಲಪ್ರತಿಯನ್ನು ಸೂಚಿಸುವಂತೆ, ಹಲವು ನಾಣ್ಯಗಳಿಗೆ ಸಮಾನವಾದ ದೋಷ ಅವುಗಳ ಅಚ್ಚನ್ನು ಸೂಚಿಸುತ್ತದೆ. ಆದ್ದರಿಂದ ದೋಷವು ಪುನರಾವರ್ತನೆಗೊಂಡಿದೆಯೇ ಎಂಬುದೇ ನಾಣ್ಯಪರೀಕ್ಷಕನ ಮೊದಲ ಪ್ರಶ್ನೆಯಾಗಬೇಕು.